ಮರ ಕೆತ್ತುವ ಯಂತ್ರದ ಇನ್ನೂರು ವರ್ಷ

1834ರ ಅಕ್ಟೋಬರ್ 16. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅರಮನೆಯ ನೆಲಮಾಳಿಗೆಯ ಒಲೆಗಳಿಗೆ ಎರಡು ಗಾಡಿ ಮರದ ಕಡ್ಡಿಗಳನ್ನು ತುಂಬುತ್ತಿದ್ದರು. ಅವು ಸೌದೆಯಲ್ಲ, ಲೆಕ್ಕದ ಕಡ್ಡಿಗಳು. ಬಂದ ಕಂದಾಯ, ಕೊಟ್ಟ ಸಾಲ ಎಲ್ಲವನ್ನೂ ಮರದ ಮೇಲೆ ಕಚ್ಚು ಹಾಕಿ ಗುರುತಿಡುವ ಪದ್ಧತಿ ಇಂಗ್ಲೆಂಡಿನ ಖಜಾನೆಯಲ್ಲಿ ಶತಮಾನಗಳ ಕಾಲ ನಡೆದುಬಂದಿತ್ತು. ಆ ಪದ್ಧತಿ ನಿಂತ ಮೇಲೆ ಹಳೆಯ ಕಡ್ಡಿಗಳನ್ನು ಸುಟ್ಟುಬಿಡಲು ಅಪ್ಪಣೆಯಾಯಿತು. ಒಲೆಯ ಹೊಗೆಕೊಳವೆಗಳು ಮಿತಿಮೀರಿ ಕಾದವು. ಸಂಜೆಯ ಹೊತ್ತಿಗೆ ಬೆಂಕಿ ಮೇಲಿನ ಅಂತಸ್ತಿಗೆ ಹತ್ತಿಕೊಂಡಿತು. ಬೆಳಗಾಗುವುದರೊಳಗೆ ಬ್ರಿಟಿಷ್ ಸಂಸತ್ತಿನ ಎರಡೂ ಸದನಗಳು ಸುಟ್ಟುಹೋಗಿದ್ದವು.

ಹೊಸ ಅರಮನೆ ಕಟ್ಟುವ ಹೊಣೆ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿಗೆ ಬಂತು. ಒಳಗಿನ ಅಲಂಕಾರದ ವಿನ್ಯಾಸಗಳನ್ನು ಅಗಸ್ಟಸ್ ಪ್ಯೂಜಿನ್ ಬರೆದುಕೊಟ್ಟ. ಅವನು ಮೆಚ್ಚಿದ ಗಾಥಿಕ್ ಶೈಲಿಯಲ್ಲಿ ಬರಿದಾಗಿ ಬಿಡುವ ಜಾಗವೇ ಕಡಿಮೆ. ಗೋಡೆಯ ಹಲಗೆ, ಬಾಗಿಲು, ಛಾವಣಿ, ಪೀಠ ಎಲ್ಲೆಡೆ ಓಕ್ ಮರ. ಆ ಮರದ ಮೇಲೆಲ್ಲ ಬಳ್ಳಿ, ಎಲೆ, ಕಿರೀಟ, ಸಿಂಹ. ಒಂದೇ ಮಾದರಿಯ ಹಲಗೆಗಳು ರಾಶಿಗಟ್ಟಲೆ ಬೇಕಾಗಿದ್ದವು. ಅಷ್ಟನ್ನೂ ಕೈಯಿಂದ ಕೆತ್ತಿಸಲು ಹಣವೂ ಸಾಲದು, ಕಾಲವೂ ಸಾಲದು. ಆಗ ನೆರವಿಗೆ ಬಂದದ್ದು ಥಾಮಸ್ ಬ್ರೌನ್ ಜೋರ್ಡನ್ 1845ರಲ್ಲಿ ಪೇಟೆಂಟ್ ಪಡೆದ ಕೆತ್ತನೆ ಯಂತ್ರ. ಇಂದು ಕರ್ನಾಟಕದ ಊರೂರಿನ ಬಾಗಿಲು ಅಂಗಡಿಗಳಲ್ಲಿ ಗಜಲಕ್ಷ್ಮಿಯನ್ನು ಕೊರೆಯುತ್ತಿರುವ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ರೂಟರ್‌ನ ಚರಿತ್ರೆಯನ್ನು ಹೇಳಲು ಹೊರಟವರು ಈ ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಜೋರ್ಡನ್ ಕಟ್ಟಿದ ಯಂತ್ರಕ್ಕೆ ಒಂದು ಅಗಲವಾದ ಮೇಜು. ಅದು ಹಳಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ, ಎಡಕ್ಕೂ ಬಲಕ್ಕೂ ಸರಿಯುತ್ತಿತ್ತು. ಮೇಜಿನ ಮೇಲೆ ಒಂದು ಮಾದರಿ, ಅದರ ಪಕ್ಕದಲ್ಲಿ ಕೆತ್ತಬೇಕಾದ ಹಲಗೆಗಳು. ಮೇಲಿನ ಚೌಕಟ್ಟಿಗೆ ನೆಟ್ಟಗೆ ಏರಿ ಇಳಿಯುವುದಷ್ಟೇ ಕೆಲಸ. ಅದರಲ್ಲಿ ಮಾದರಿಯ ಮೈ ಸವರುವ ಒಂದು ಮೊಂಡು ಕಡ್ಡಿ, ಅದರ ಸಾಲಿನಲ್ಲೇ ಗಿರ್ರನೆ ತಿರುಗುವ ಉಳಿಗಳು. ಕಡ್ಡಿ ಮಾದರಿಯ ಉಬ್ಬನ್ನು ಹತ್ತಿದರೆ ಉಳಿಗಳೂ ಹತ್ತುತ್ತವೆ, ಕಡ್ಡಿ ತಗ್ಗಿಗೆ ಇಳಿದರೆ ಉಳಿಗಳೂ ಇಳಿದು ಮರವನ್ನು ತೆಗೆಯುತ್ತವೆ. ಮೇಜಿಗೆ ಎರಡು ದಿಕ್ಕು, ತಲೆಗೆ ಒಂದು ದಿಕ್ಕು. ಇಂದಿನ ಯಂತ್ರಗಾರರು ಎಕ್ಸ್, ವೈ, ಜೆಡ್ ಎನ್ನುವ ಮೂರು ಅಕ್ಷಗಳು ಆಗಲೇ ಬೇರೆ ಬೇರೆಯಾಗಿ ನಿಂತಿದ್ದವು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಸವರುವ ಕಡ್ಡಿಯ ತುದಿಯೂ ಕೊರೆಯುವ ಉಳಿಯ ತುದಿಯೂ ಒಂದೇ ಆಕಾರದಲ್ಲಿರಬೇಕು. ಕಡ್ಡಿ ಚೂಪಾಗಿದ್ದು ಉಳಿ ದುಂಡಗಿದ್ದರೆ, ಕಡ್ಡಿ ಹೋದ ಸಂದಿಗೆಲ್ಲ ಉಳಿಯೂ ನುಗ್ಗಿ ಉಳಿಯಬೇಕಾದ ಮರವನ್ನೂ ತಿಂದುಹಾಕುತ್ತದೆ. ಇಂದು ಸಿಎನ್‌ಸಿ ಸಾಫ್ಟ್‌ವೇರ್ ಕೆಲಸ ಶುರುಮಾಡುವ ಮೊದಲು ಕೊರೆಯುವ ಉಳಿಯ, ಅಂದರೆ ಬಿಟ್‌ನ ವ್ಯಾಸ ಎಷ್ಟು, ತುದಿ ದುಂಡೋ ಚಪ್ಪಟೆಯೋ ಎಂದು ಕೇಳುವುದು ಇದೇ ಕಾರಣಕ್ಕೆ. ತಪ್ಪು ಬಿಟ್ ಹಾಕಿ ಸರಿಯಾದ ಕಡತ ಓಡಿಸಿದರೆ ದೇವರ ಮೂಗು ಉಳಿಯುವುದಿಲ್ಲ.

ಜೋರ್ಡನ್ ತನ್ನ ಯಂತ್ರದ ಮಿತಿಯನ್ನು ಬಲ್ಲವನಾಗಿದ್ದ. ಯಂತ್ರ ಹೆಚ್ಚಿನ ಮರವನ್ನು ತೆಗೆದು, ಆಕಾರವನ್ನು ಹತ್ತಿರಹತ್ತಿರ ತರುತ್ತಿತ್ತು. ಕೊನೆಯ ಮೈಯನ್ನು ತೀಡುತ್ತಿದ್ದವರು ಕೈಕೆತ್ತನೆಯ ಕುಶಲಕರ್ಮಿಗಳೇ. 1847ರಲ್ಲಿ ಪ್ರಭುಗಳ ಸದನ ತೆರೆದಾಗ ಜನ ಕಂಡ ಕೆತ್ತನೆಯಲ್ಲಿ ಯಂತ್ರದ ಶ್ರಮವೂ ಮನುಷ್ಯನ ಕೈಯೂ ಒಂದಾಗಿ ಬೆರೆತಿದ್ದವು. ಎಲ್ಲರೂ ಇದನ್ನು ಒಪ್ಪಲಿಲ್ಲ. ಎರಡೇ ವರ್ಷದಲ್ಲಿ, 1849ರಲ್ಲಿ ಜಾನ್ ರಸ್ಕಿನ್ ತಮ್ಮ ವಾಸ್ತುಶಿಲ್ಪದ ಗ್ರಂಥದಲ್ಲಿ ಯಂತ್ರದಿಂದ ಮಾಡಿದ ಅಲಂಕಾರವನ್ನು ಮೋಸವೆಂದೇ ಕರೆದರು. ಕೈಯಿಂದ ಮಾಡಿದಂತೆ ತೋರಿಸಿ ಕೈಯಿಂದ ಮಾಡದಿರುವುದು ಸುಳ್ಳು ಎಂಬುದು ಅವರ ವಾದ. ಆ ವಾದ ಇಂದಿಗೂ ಹಳತಾಗಿಲ್ಲ.

ಜೋರ್ಡನ್‌ಗಿಂತ ಮೊದಲೇ ಇಬ್ಬರು ಈ ದಾರಿ ತುಳಿದಿದ್ದರು.

ಒಬ್ಬ ಜೇಮ್ಸ್ ವಾಟ್. ಉಗಿಯಂತ್ರದಿಂದ ಹೆಸರಾದ ಈತ ವ್ಯಾಪಾರದಿಂದ ದೂರ ಸರಿದ ಮೇಲೆ ಬರ್ಮಿಂಗ್‌ಹ್ಯಾಮ್ ಬಳಿಯ ಹ್ಯಾಂಡ್ಸ್‌ವರ್ತ್‌ನ ತನ್ನ ಮನೆಯ ಅಟ್ಟದಲ್ಲಿ ಶಿಲ್ಪದ ಪ್ರತಿ ತೆಗೆಯುವ ಯಂತ್ರಗಳನ್ನು ಕಟ್ಟುತ್ತ ಕೂತ. ಒಂದು ಯಂತ್ರ ಅಷ್ಟೇ ಗಾತ್ರದ ಪ್ರತಿ ತೆಗೆಯುತ್ತಿತ್ತು, ಇನ್ನೊಂದು ಕಿರಿದಾಗಿಸುತ್ತಿತ್ತು. 1819ರಲ್ಲಿ, 83ರ ವಯಸ್ಸಿನಲ್ಲಿ ಸಾಯುವವರೆಗೂ ಅವುಗಳನ್ನು ತಿದ್ದುತ್ತಲೇ ಇದ್ದ, ಪೇಟೆಂಟ್ ಮಾತ್ರ ಪಡೆಯಲಿಲ್ಲ. ಆ ಅಟ್ಟವನ್ನು ಅವನು ಬಿಟ್ಟುಹೋದ ಹಾಗೆಯೇ ಮುಚ್ಚಿಡಲಾಗಿತ್ತು. 1924ರಲ್ಲಿ ಅದನ್ನು ಎಂಟು ಸಾವಿರಕ್ಕೂ ಹೆಚ್ಚು ವಸ್ತುಗಳ ಸಮೇತ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು.

ಇನ್ನೊಬ್ಬ ಅಮೆರಿಕದ ಥಾಮಸ್ ಬ್ಲಾಂಚರ್ಡ್. ಅವನ ತೊಡಕು ಕಲೆಯದಲ್ಲ, ಕೋವಿಯದು. ಕೋವಿಯ ಮರದ ಹಿಡಿ ಎಲ್ಲೂ ನೇರವಿಲ್ಲ, ಎಲ್ಲೂ ಪೂರ್ತಿ ದುಂಡಗಿಲ್ಲ. ಸಾಮಾನ್ಯ ಲೇತ್‌ಗೆ ಅದು ದಕ್ಕುವ ಆಕಾರವಲ್ಲ. ಬ್ಲಾಂಚರ್ಡ್ ಲೋಹದ ಮಾದರಿಯನ್ನೂ ವಾಲ್‌ನಟ್ ಮರದ ತುಂಡನ್ನೂ ಒಟ್ಟಿಗೆ ತಿರುಗಿಸಿದ. ಮಾದರಿಯನ್ನು ಒಂದು ಗಾಲಿ ಸವರುತ್ತಿದ್ದರೆ ಅದರ ಜೊತೆಗೇ ಕೊರೆಯುವ ಗಾಲಿ ಮರವನ್ನು ತೆಗೆಯುತ್ತಿತ್ತು. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಈ ಯಂತ್ರ ನೆಲೆ ನಿಂತಿತು. ಕೋವಿಯ ಹಿಡಿಯನ್ನು ಕೈಯಿಂದ ಕಡೆಯುವ ಕಸುಬಿಗೆ ಅಲ್ಲಿಂದ ಇಳಿಗಾಲ ಶುರುವಾಯಿತು.

ಈ ಮೂರೂ ಯಂತ್ರಗಳಿಗೆ ಮಾದರಿ ಕಣ್ಣೆದುರಿಗೇ ಇರಬೇಕಿತ್ತು, ಮತ್ತು ಆ ಮಾದರಿಯನ್ನು ಯಾರಾದರೂ ಕೈಯಿಂದಲೇ ಮಾಡಿರಬೇಕಿತ್ತು. ಯಂತ್ರ ಕೆತ್ತುಗನನ್ನು ತೆಗೆದುಹಾಕಲಿಲ್ಲ, ಮೊದಲ ಪ್ರತಿಗೆ ಮತ್ತು ಕೊನೆಯ ತೀಡಿಕೆಗೆ ಸರಿಸಿತು. ನಡುವಿನ ದಣಿಸುವ ಕೆಲಸ ಮಾತ್ರ ಯಂತ್ರದ ಪಾಲಾಯಿತು. ಮುಂದಿನ ಇನ್ನೂರು ವರ್ಷದ ಕಥೆಯೂ ಇದೇ.

ಮೈಸೂರಿನಲ್ಲೂ ಒಂದು ಅರಮನೆ ಸುಟ್ಟಿತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹೊತ್ತಿದ ಬೆಂಕಿಗೆ ಮರದ ಹಳೆಯ ಅರಮನೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರ ಹೊತ್ತಿಗೆ ಮುಗಿಯಿತು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದ ಕಾರ್ಖಾನೆಯಿಂದ ಬಂದವು. ಆದರೆ ಮರದ ಕೆಲಸಕ್ಕೆ ಯಂತ್ರ ತರಿಸುವ ಪ್ರಮೇಯ ಬರಲಿಲ್ಲ. ಅರಮನೆಯ ಅಂಬಾವಿಲಾಸ ಸಭಾಂಗಣಕ್ಕೆ ಹೋಗುವ ಬೀಟೆ ಮರದ ಬಾಗಿಲಿನ ಮೇಲಿರುವ ದಂತದ ಕುಸುರಿಯನ್ನು ನೋಡಿದವರಿಗೆ ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಲಂಡನ್ನಿನಲ್ಲಿ ಕೆಲಸದ ರಾಶಿಗೆ ತಕ್ಕಷ್ಟು ಕೈಗಳಿರಲಿಲ್ಲ. ಮೈಸೂರು ಸೀಮೆಯಲ್ಲಿ ಕೈಗಳಿದ್ದವು.

ಆ ಕೈಗಳಲ್ಲಿ ಹೆಸರಾದವು ಗುಡಿಗಾರರವು. ಸಾಗರ, ಸೊರಬ, ಶಿರಸಿ, ಕುಮಟಾ, ಹೊನ್ನಾವರದ ಸುತ್ತ ನೆಲೆಸಿದ ಈ ಮನೆತನಗಳು ಗೋವೆಯ ಕಡೆಯಿಂದ ಬಂದವೆಂಬ ಹೇಳಿಕೆ ಇದೆ. ಅವರ ಕೆಲಸದ ಕ್ರಮವನ್ನು ಲೂಯಿಸ್ ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಮೊದಲು ಗಂಧದ ಹಲಗೆಯನ್ನು ಕೀಸುಳಿಯಿಂದ ಸಮಮಾಡುವುದು. ಅದರ ಮೈಗೆ ಬಿಳಿ ಬಳಿಯುವುದು. ಬಿಳಿಯ ಮೇಲೆ ಸೀಸದ ಕಡ್ಡಿಯಿಂದ ಚಿತ್ರ ಬರೆಯುವುದು. ಗೆರೆಯ ಹೊರಗಿನ ನೆಲವನ್ನೆಲ್ಲ ಕೆತ್ತಿ ಆಳಕ್ಕಿಳಿಸುವುದು. ಹೀಗೆ ಎದ್ದುನಿಂತ ಆಕೃತಿಗೆ ಕೊನೆಯಲ್ಲಿ ಸೂಕ್ಷ್ಮಗಳನ್ನು ಕೊಡುವುದು. ಉಪಕರಣಗಳು ಕೆಲವೇ: ಗರಗಸ, ಕೀಸುಳಿ, ಕೊಡತಿ, ಸಾಣೆಕಲ್ಲು, ಮತ್ತು ಬಗೆಬಗೆಯ ಅಳತೆಯ ಉಳಿಗಳು. ಅವುಗಳಲ್ಲಿ ಕೆಲವು ತೀರ ಸಣ್ಣವು.

ಈ ಕ್ರಮವನ್ನು ಇಂದಿನ ಸಿಎನ್‌ಸಿ ಕೆಲಸದ ಪಕ್ಕದಲ್ಲಿಟ್ಟು ನೋಡಬೇಕು. ಮೊದಲು ದಪ್ಪ ಬಿಟ್‌ನಿಂದ ಒರಟು ಸುತ್ತು. ಇದನ್ನು ರಫಿಂಗ್ ಎನ್ನುತ್ತಾರೆ. ಆಕೃತಿಯ ಮೇಲೆ ಅರ್ಧ ಮಿಲಿಮೀಟರಿನಷ್ಟು ಮರ ಬಿಟ್ಟು ಉಳಿದದ್ದನ್ನೆಲ್ಲ ತೆಗೆಯುವುದು. ಆಮೇಲೆ ದುಂಡು ತುದಿಯ ಸಣ್ಣ ಬಿಟ್ ಹಾಕಿ ಫಿನಿಶಿಂಗ್. ನೆಲ ಇಳಿಸಿ, ಆಕೃತಿ ಎಬ್ಬಿಸಿ, ಉಳಿ ಬದಲಿಸಿ, ಸೂಕ್ಷ್ಮಕ್ಕೆ ಹೋಗು ಎಂಬ ಗುಡಿಗಾರರ ಅನುಕ್ರಮವೇ ಇಲ್ಲೂ ಇರುವುದು. ಮರದ ಗುಣ ಬದಲಾಗದ ಕಾರಣ ಕೆಲಸದ ಕ್ರಮವೂ ಬದಲಾಗಲಿಲ್ಲ.

ಗುಡಿಗಾರರು ಗಂಧವನ್ನು ಆರಿಸಿಕೊಂಡದ್ದು ಪರಿಮಳಕ್ಕೆ ಮಾತ್ರವಲ್ಲ. ಗಂಧದ ಚೇಗು ಗಟ್ಟಿ, ಎಣ್ಣೆಯುಳ್ಳದ್ದು, ಅದರ ರಂಧ್ರಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಉಳಿ ಯಾವ ದಿಕ್ಕಿಗೆ ಹೋದರೂ ಅಂಚು ಮುರಿಯದೆ ನಿಲ್ಲುತ್ತದೆ. ಇಂಗ್ಲೆಂಡಿನ ಮಹಾ ಕೆತ್ತುಗ ಗ್ರಿನ್ಲಿಂಗ್ ಗಿಬ್ಬನ್ಸ್ ಹದಿನೇಳನೆಯ ಶತಮಾನದಲ್ಲಿ ಲೈಮ್ ಎಂಬ ಮೆದು ಮರವನ್ನು ಹಿಡಿದದ್ದೂ ಇಂಥದೇ ಕಾರಣಕ್ಕೆ. ಅದಕ್ಕೆ ಎದ್ದು ಕಾಣುವ ಎಳೆಯಿಲ್ಲ, ಎಲ್ಲ ಕಡೆಗೂ ಒಂದೇ ಹದ. ಹೂವಿನ ದಳವನ್ನು ಕಾಗದದಷ್ಟು ತೆಳುವಾಗಿ ಎಬ್ಬಿಸಲು ಅಂಥ ಮರವೇ ಬೇಕು. ವೆಸ್ಟ್‌ಮಿನ್‌ಸ್ಟರ್‌ನ ಓಕ್ ಹಾಗಲ್ಲ, ಅದರ ಎಳೆ ದಪ್ಪ. ಅದರಲ್ಲಿ ದೂರದಿಂದ ಕಾಣುವ ದೊಡ್ಡ ಎಲೆ, ದೊಡ್ಡ ಕಿರೀಟ ಒಪ್ಪುತ್ತವೆ. ಯಾವ ಮರಕ್ಕೆ ಯಾವ ಚಿತ್ರ ಎಂಬ ತಿಳಿವಳಿಕೆ ಯಂತ್ರಕ್ಕಿಂತ ಹಳೆಯದು.

ಗಂಧದ ಮರ ಮಾತ್ರ ಕೆತ್ತುಗರ ಕೈಗೆ ಸುಲಭವಾಗಿ ಸಿಗಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಘೋಷಿಸಿದಂದಿನಿಂದ ಎರಡು ಶತಮಾನ ಅದರ ಮೇಲೆ ಸರ್ಕಾರದ್ದೇ ಹಿಡಿತ. ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯ ನಂತರವಷ್ಟೇ ರಾಜ್ಯದಲ್ಲಿ ಜಮೀನಿನ ಒಡೆಯ ತನ್ನ ಗಂಧದ ಮರದ ಒಡೆಯನೂ ಆದ. ಮರ ವಿರಳವಾದಂತೆ ಗುಡಿಗಾರರ ಉಳಿ ಶಿವನೆಯಂಥ ಮರಗಳ ಕಡೆಗೂ ತಿರುಗಿತು. ಬೀಟೆಗೂ ಇದೇ ಗತಿ. 2017ರಿಂದ ಇಡೀ ಬೀಟೆ ಕುಲದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ.

ಅತ್ತ ಪಶ್ಚಿಮದಲ್ಲಿ ಜೋರ್ಡನ್‌ನ ದಾರಿ ಅಗಲವಾಗುತ್ತ ಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ್ಯಾಪಿಡ್ಸ್ ಪೀಠೋಪಕರಣಗಳ ರಾಜಧಾನಿಯಾಗಿತ್ತು. ಅಲ್ಲಿನ ಕಾರ್ಖಾನೆಗಳಲ್ಲಿ ಒಬ್ಬ ಕೆಲಸಗಾರ ಒಂದು ಮಾದರಿಯನ್ನು ಸವರುತ್ತಿದ್ದರೆ ಸಾಲಾಗಿ ನಿಂತ, ಉಳಿ ಹಿಡಿದು ತಿರುಗುವ ಹಲವು ಸ್ಪಿಂಡಲ್‌ಗಳು ಅಷ್ಟೂ ಕುರ್ಚಿಕಾಲುಗಳನ್ನು ಒಮ್ಮೆಗೇ ಕೆತ್ತುತ್ತಿದ್ದವು. ಆದರೂ ಮಾದರಿಯ ಹಂಗು ತಪ್ಪಿರಲಿಲ್ಲ.

ಆ ಹಂಗು ಹರಿದದ್ದು ಅದೇ ಮಿಶಿಗನ್‌ನ ಟ್ರಾವರ್ಸ್ ಸಿಟಿಯಲ್ಲಿ, ಅದೂ ಮರದ ಕೆಲಸದಿಂದಲೇ. ಎರಡನೆಯ ಮಹಾಯುದ್ಧದ ಕಾಲ. ಜಾನ್ ಪಾರ್ಸನ್ಸ್ ಎಂಬ ಉದ್ಯಮಿ ಸಿಕೋರ್ಸ್ಕಿ ಕಂಪನಿಯ ಹೆಲಿಕಾಪ್ಟರ್ ರೆಕ್ಕೆಗಳ ಒಳಗಿನ ಮರದ ಪಟ್ಟಿಗಳನ್ನು ಮಾಡಿಕೊಡುವ ಗುತ್ತಿಗೆ ಹಿಡಿದರು. ಪಟ್ಟಿಯ ಆಕಾರವನ್ನು ಸಿಕೋರ್ಸ್ಕಿಯವರು ಕಳಿಸಿದ್ದು ಚಿತ್ರವಾಗಿ ಅಲ್ಲ, 17 ಬಿಂದುಗಳ ಅಳತೆಯಾಗಿ. ನಡುವಿನ ತಿರುವನ್ನು ಪಾರ್ಸನ್ಸರ ಕಡೆಯವರೇ ಗೆರೆಪಟ್ಟಿ ಇಟ್ಟು ಎಳೆದುಕೊಳ್ಳಬೇಕಿತ್ತು. ಕಣ್ಣಂದಾಜಿನ ಈ ತಿರುವು ಪಾರ್ಸನ್ಸರಿಗೆ ಸಮಾಧಾನ ತರಲಿಲ್ಲ. ಅವರ ಎಂಜಿನಿಯರ್ ಫ್ರಾಂಕ್ ಸ್ಟೂಲೆನ್ ಕಾರ್ಡ್ ತೂತು ಮಾಡುವ ಐಬಿಎಂ ಲೆಕ್ಕದ ಯಂತ್ರ ಹಿಡಿದು 17 ಬಿಂದುಗಳನ್ನು 200ಕ್ಕೆ ಏರಿಸಿದರು. ಬಿಂದುಗಳು ಅಷ್ಟು ಹತ್ತಿರವಾದ ಮೇಲೆ ಗೆರೆಪಟ್ಟಿಯ ಅಗತ್ಯವೇ ಉಳಿಯಲಿಲ್ಲ. ಮಿಲ್ಲಿಂಗ್ ಯಂತ್ರದ ಪಕ್ಕ ಒಬ್ಬ ಅಂಕಿ ಓದುವುದು, ಇಬ್ಬರು ಒಂದೊಂದು ಚಕ್ರ ತಿರುಗಿಸಿ ಆ ಅಂಕಿಗೆ ತಂದು ನಿಲ್ಲಿಸುವುದು. ಸವರಲು ಮಾದರಿಯೇ ಬೇಡವಾಯಿತು. ಅಂಕಿಯ ಪಟ್ಟಿಯೇ ಮಾದರಿಯಾಯಿತು.

ಅಂಕಿ ಓದುವವನನ್ನೂ ಚಕ್ರ ತಿರುಗಿಸುವವರನ್ನೂ ಬಿಟ್ಟು ಯಂತ್ರವೇ ಓದಿ ಯಂತ್ರವೇ ತಿರುಗಿದರೆ? 1949ರಲ್ಲಿ ಪಾರ್ಸನ್ಸರಿಗೆ ಅಮೆರಿಕದ ವಾಯುಪಡೆಯ ಗುತ್ತಿಗೆ ಸಿಕ್ಕಿತು. ಅವರು ಎಂಐಟಿಯ ಸರ್ವೊಮೆಕ್ಯಾನಿಸಮ್ಸ್ ಪ್ರಯೋಗಾಲಯದ ಮೊರೆಹೊಕ್ಕರು. 1952ರ ಸೆಪ್ಟೆಂಬರ್‌ನಲ್ಲಿ, ತೂತು ಹೊಡೆದ ಟೇಪನ್ನು ಓದಿ ಮೂರೂ ಅಕ್ಷಗಳಲ್ಲಿ ತಾನೇ ಚಲಿಸುವ ಸಿನ್ಸಿನಾಟಿ ಮಿಲ್ಲಿಂಗ್ ಯಂತ್ರವನ್ನು ಎಂಐಟಿ ಪ್ರದರ್ಶಿಸಿತು. 1959ರಲ್ಲಿ ಎಂಐಟಿಯವರೇ ಯಂತ್ರಗಳಿಗೆ ಆಜ್ಞೆ ಬರೆಯುವ ಎಪಿಟಿ ಭಾಷೆಯನ್ನು ಪತ್ರಕರ್ತರ ಮುಂದಿಟ್ಟರು. ಅಂದು ಬಂದವರ ಕೈಗೆ ಅದರಿಂದಲೇ ಮಾಡಿದ ಒಂದೊಂದು ಅಲ್ಯೂಮಿನಿಯಂ ಬೂದಿತಟ್ಟೆ ಕೊಟ್ಟು ಕಳಿಸಿದರು. 1985ರಲ್ಲಿ ಪಾರ್ಸನ್ಸ್ ಮತ್ತು ಸ್ಟೂಲೆನ್ ಇಬ್ಬರಿಗೂ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಂದಿತು.

ಮರದ ಪಟ್ಟಿಯಿಂದ ಹುಟ್ಟಿದ ವಿದ್ಯೆ ಬಹುಕಾಲ ಲೋಹದ ಸ್ವತ್ತಾಗಿಯೇ ಇತ್ತು. ವಿಮಾನದ ಭಾಗ ಮಾಡುವವರಿಗಷ್ಟೇ ಅದರ ವೆಚ್ಚ ತಡೆದುಕೊಳ್ಳಲು ಸಾಧ್ಯವಿತ್ತು. 1960ರ ದಶಕದ ಕೊನೆಯ ಹೊತ್ತಿಗೆ ಜಪಾನಿನ ಮರಗೆಲಸ ಯಂತ್ರಗಳ ತಯಾರಕರು ಇದನ್ನು ರೂಟರ್‌ಗೆ ಅಳವಡಿಸಿದರು. ಸಣ್ಣ ಕಾರ್ಯಾಗಾರದ ಬಾಗಿಲಿಗೆ ಅದು ಬರಲು ಇನ್ನೂ ಕಾಲು ಶತಮಾನ ಹಿಡಿಯಿತು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನ ಕಲಿಸುತ್ತಿದ್ದ ಟೆಡ್ ಹಾಲ್ ಅವರಿಗೆ ದೋಣಿ ಕಟ್ಟುವ ಹವ್ಯಾಸ. ಪ್ಲೈವುಡ್ ಭಾಗಗಳನ್ನು ಕತ್ತರಿಸಲು ಅವರು ಕಟ್ಟಿಕೊಂಡ ಅಗ್ಗದ ಯಂತ್ರವೇ 1996ರಲ್ಲಿ ಶಾಪ್‌ಬಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಉಬ್ಬುಕೆತ್ತನೆಗೆ ಯಂತ್ರವೊಂದೇ ಸಾಲದು, ಚಿತ್ರವನ್ನು ಎತ್ತರವಾಗಿಸುವ ಸಾಫ್ಟ್‌ವೇರ್ ಬೇಕು. ಜೇಮ್ಸ್ ವಾಟ್ ಅಟ್ಟದಲ್ಲಿ ಕೂತು ಶಿಲ್ಪದ ಪ್ರತಿ ತೆಗೆದ ಬರ್ಮಿಂಗ್‌ಹ್ಯಾಮ್‌ನಲ್ಲೇ ಡೆಲ್‌ಕ್ಯಾಮ್ ಕಂಪನಿ ಆರ್ಟ್‌ಕ್ಯಾಮ್ ಅನ್ನು ರೂಪಿಸಿತು. ಅದು ಚಿತ್ರದ ಪ್ರತಿಯೊಂದು ಚುಕ್ಕೆಗೂ ಒಂದು ಎತ್ತರ ಕೊಡುತ್ತದೆ. ಬಿಳಿಗೆ ಗರಿಷ್ಠ ಎತ್ತರ, ಕಪ್ಪಿಗೆ ತಳ, ನಡುವಿನ ಬೂದುಬಣ್ಣಗಳಿಗೆ ನಡುವಿನ ಎತ್ತರಗಳು. 2014ರಲ್ಲಿ ಡೆಲ್‌ಕ್ಯಾಮ್ ಅಮೆರಿಕದ ಆಟೊಡೆಸ್ಕ್ ಪಾಲಾಯಿತು, 2018ರಲ್ಲಿ ಆರ್ಟ್‌ಕ್ಯಾಮ್ ಮಾರಾಟ ನಿಂತಿತು. ನಮ್ಮ ಬಾಗಿಲು ಕೆತ್ತನೆಯ ಅಂಗಡಿಗಳ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಇನ್ನೂ ನಿಂತಿಲ್ಲ.

ಕರ್ನಾಟಕಕ್ಕೆ ಈ ವಿದ್ಯೆ ತೀರ ಹೊಸದಾಗಿ ಬಂದ ನೆಂಟನೂ ಅಲ್ಲ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದುಸ್ತಾನ್ ಮಷೀನ್ ಟೂಲ್ಸ್ ಶುರುವಾಯಿತು. 1962ರಲ್ಲಿ ಚೆಕೊಸ್ಲೊವಾಕಿಯಾದ ಸಹಕಾರದಿಂದ ತುಮಕೂರು ರಸ್ತೆಯಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ, ಅಂದರೆ ಸಿಎಂಟಿಐ ಬಂತು. ಉಳಿಯ ವೇಗ, ಮುನ್ನಡೆ, ಕೊರೆತದ ಆಳ ಇವುಗಳನ್ನು ಅಂದಾಜಿನಿಂದ ತೆಗೆದು ಕೋಷ್ಟಕಕ್ಕೆ ತಂದ ಕೈಪಿಡಿಗಳು ಈ ಸಂಸ್ಥೆಯಿಂದ ಹೊರಬಂದವು. ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಲೋಹ ಕಡೆಯುತ್ತ ಕಲಿತ ಒಂದಿಡೀ ತಲೆಮಾರು ಈ ನಾಡಿನಲ್ಲಿದೆ. ಮರಗೆಲಸದವರಿಗೂ ಈ ತಲೆಮಾರಿಗೂ ನಡುವೆ ಮಾತುಕತೆ ಮಾತ್ರ ಬಹುಕಾಲ ಇರಲಿಲ್ಲ. ಒಬ್ಬರಿಗೆ ಮರದ ಎಳೆ ಗೊತ್ತು, ಇನ್ನೊಬ್ಬರಿಗೆ ಅಂಕಿ ಗೊತ್ತು. ಇಂದಿನ ಬಹುಪಾಲು ಕೆಟ್ಟ ಕೆತ್ತನೆ ಹುಟ್ಟುವುದು ಈ ಬಿರುಕಿನಲ್ಲೇ.

ಅದು ಹೇಗೆಂದು ನೋಡಲು ಎರಡಡಿ ಚದರದ, ಅಂದರೆ ಸುಮಾರು 600 ಮಿ.ಮೀ. ಉದ್ದಗಲದ ಒಂದು ತೇಗದ ಹಲಗೆಯನ್ನು ಯಂತ್ರದ ಮೇಲೆ ಬಿಗಿಯೋಣ. ಒರಟು ಸುತ್ತು ಮುಗಿದಿದೆ. 3 ಮಿ.ಮೀ. ವ್ಯಾಸದ, ದುಂಡು ತುದಿಯ ಬಾಲ್‌ನೋಸ್ ಬಿಟ್ ಸ್ಪಿಂಡಲ್‌ಗೆ ಏರಿದೆ. ಅದು ಹಲಗೆಯನ್ನು ಸಾಲು ಹಿಡಿದು ಉಳುತ್ತ ಹೋಗುತ್ತದೆ. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವಿನ ಅಂತರವೇ ಸ್ಟೆಪ್‌ಓವರ್. ತುದಿ ದುಂಡಗಿರುವುದರಿಂದ ಎರಡು ಸಾಲುಗಳ ನಡುವೆ ಒಂದು ಸಣ್ಣ ಬದು ಉಳಿದೇ ಉಳಿಯುತ್ತದೆ. ಆ ಬದುವಿನ ಎತ್ತರ ತಿಳಿಯಲು ಅಂತರದ ವರ್ಗವನ್ನು ತುದಿಯ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಸಾಕು. ಅಂತರ 0.6 ಮಿ.ಮೀ. ಇಟ್ಟರೆ ಬದು 0.03 ಮಿ.ಮೀ.; 0.3ಕ್ಕೆ ಇಳಿಸಿದರೆ 0.0075 ಮಿ.ಮೀ. ಅಂತರ ಅರ್ಧವಾದರೆ ಬದು ಕಾಲುಭಾಗವಾಗುತ್ತದೆ.

ಆದರೆ ಸಮಯ ಇಮ್ಮಡಿಯಾಗುತ್ತದೆ. 0.6ರ ಅಂತರದಲ್ಲಿ ಆ ಹಲಗೆಗೆ 1000 ಸಾಲು, ಒಟ್ಟು 600 ಮೀಟರ್ ಓಟ. ನಿಮಿಷಕ್ಕೆ 3 ಮೀಟರಿನಂತೆ ಓಡಿದರೆ 3 ಗಂಟೆ 20 ನಿಮಿಷ. 0.3ಕ್ಕೆ ಇಳಿಸಿದರೆ 6 ಗಂಟೆ 40 ನಿಮಿಷ. ಯಂತ್ರದ ಬಾಡಿಗೆ ಗಂಟೆಯ ಲೆಕ್ಕದಲ್ಲಿರುವಾಗ ಈ ಒಂದು ಅಂಕಿಯೇ ಬಾಗಿಲಿನ ಬೆಲೆಯನ್ನು ತೀರ್ಮಾನಿಸುತ್ತದೆ.

ಹಾಗಾದರೆ ಯಾವುದು ಸರಿ? ಉತ್ತರ ಪರದೆಯ ಮೇಲಿಲ್ಲ, ಮರದಲ್ಲಿದೆ. ತೇಗದ ದೊಡ್ಡ ರಂಧ್ರಗಳ ಅಗಲವೇ 0.2 ಮಿ.ಮೀ. ದಾಟುತ್ತದೆ. ಅಂಥ ಮೈಯ ಮೇಲೆ 0.03ರ ಬದುವನ್ನು ಇನ್ನೂ ಇಳಿಸಲು ಮೂರು ಗಂಟೆ ಕಳೆಯುವುದು ದಂಡ. ಉಪ್ಪುಕಾಗದದ ಎರಡು ಎಳೆತಕ್ಕೆ ಅದು ಹೋಗುತ್ತದೆ. ಗಂಧ ಅಥವಾ ಅಂಥದೇ ಒತ್ತೆಳೆಯ ಮರವಾದರೆ ರಂಧ್ರ 0.1 ಮಿ.ಮೀ.ಗಿಂತ ಸಣ್ಣದು, ಹೊಳಪು ಬರುವ ಮೈ. ಅಲ್ಲಿ ಬೆಳಕು ಓರೆಯಾಗಿ ಬಿದ್ದಾಗ ಬದುಗಳು ಗೆರೆಗೆರೆಯಾಗಿ ಕಾಣುತ್ತವೆ. ಅದಕ್ಕೆ ಸಣ್ಣ ಅಂತರವೇ ತಕ್ಕದ್ದು.

ವೇಗದ ಲೆಕ್ಕವೂ ಹೀಗೆಯೇ. ಸ್ಪಿಂಡಲ್ ನಿಮಿಷಕ್ಕೆ 18,000 ಸುತ್ತು ತಿರುಗುತ್ತಿದೆ, ಬಿಟ್‌ಗೆ ಎರಡು ಅಲಗು, ಬಿಟ್ ಮುಂದೆ ಸಾಗುವ ವೇಗ, ಅಂದರೆ ಫೀಡ್, ನಿಮಿಷಕ್ಕೆ 3,600 ಮಿ.ಮೀ. ಎಂದರೆ ಪ್ರತಿ ಅಲಗು ಪ್ರತಿ ಸಲ 0.1 ಮಿ.ಮೀ. ದಪ್ಪದ ಸಿಪ್ಪೆ ತೆಗೆಯುತ್ತದೆ. ಬಿಟ್ ಮುರಿದೀತೆಂದು ಹೆದರಿ ಫೀಡನ್ನು 900ಕ್ಕೆ ಇಳಿಸಿ, ಸುತ್ತನ್ನು ಹಾಗೆಯೇ ಬಿಟ್ಟರೆ ಸಿಪ್ಪೆ 0.025 ಮಿ.ಮೀ.ಗೆ ಇಳಿಯುತ್ತದೆ. ಆಗ ಅಲಗು ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಮರ ಕಂದುತ್ತದೆ, ಸುಟ್ಟ ವಾಸನೆ ಬರುತ್ತದೆ, ಬಿಟ್‌ನ ಹರಿತ ಹೋಗುತ್ತದೆ. ನಿಧಾನ ಮಾಡಿದರೆ ನಯ ಬರುತ್ತದೆ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಸುತ್ತು ಮತ್ತು ಫೀಡ್ ಎರಡನ್ನೂ ಜೊತೆಯಲ್ಲೇ ಇಳಿಸಬೇಕು. ಇನ್ನೊಂದು ಮಾತು: ಬಾಲ್‌ನೋಸ್‌ನ ತುದಿಯ ನಡುಬಿಂದು ತಿರುಗಿದರೂ ಸಾಗುವುದಿಲ್ಲ, ಅಲ್ಲಿ ಕತ್ತರಿಸುವ ವೇಗ ಸೊನ್ನೆ. ಆದ್ದರಿಂದ ಆಕೃತಿಯ ಹಿಂದಿನ ಚಪ್ಪಟೆ ನೆಲವನ್ನು ಬಾಲ್‌ನೋಸ್‌ನಿಂದ ಕೆತ್ತಿದರೆ ನಾರು ಎದ್ದು ನಿಲ್ಲುತ್ತದೆ. ಅದಕ್ಕೆ ಚಪ್ಪಟೆ ತುದಿಯ ಬಿಟ್ಟೇ ಬೇಕು.

ಮರದ ವಿಷಯಕ್ಕೆ ಬಂದರೆ ತೇಗದಲ್ಲಿ ಮರಳಿನಂಶವಿರುವುದರಿಂದ ಹೈಸ್ಪೀಡ್ ಸ್ಟೀಲಿನ ಬಿಟ್ ಬೇಗ ಮೊಂಡಾಗುತ್ತದೆ, ಕಾರ್ಬೈಡ್ ಬೇಕು. ಬೀಟೆ ಗಟ್ಟಿ, ಎಳೆಗಳು ಹೆಣೆದುಕೊಂಡಿರುತ್ತವೆ. ಒಂದು ದಿಕ್ಕಿನಲ್ಲಿ ನಯವಾದದ್ದು ಇನ್ನೊಂದು ದಿಕ್ಕಿನಲ್ಲಿ ಕಿತ್ತು ಬರುತ್ತದೆ. ಹೆಬ್ಬೇವಿನಂಥ ಮೆದು ಮರದಲ್ಲಿ ಸೂಕ್ಷ್ಮ ಮಾಡಿದರೆ ಅಂಚೆಲ್ಲ ನಾರು. 1960ರ ದಶಕದಲ್ಲಿ ಅಮೆರಿಕದಲ್ಲಿ ತಯಾರಿಕೆಗೆ ಬಂದ ಎಂಡಿಎಫ್ ಎಂಬ ಒತ್ತಿದ ನಾರಿನ ಹಲಗೆಗೆ ಎಳೆಯೇ ಇಲ್ಲ. ಯಾವ ದಿಕ್ಕಿಗೂ ಕೊರೆಯಬಹುದು, ಅಗ್ಗ, ಬಣ್ಣ ಹಿಡಿಯುತ್ತದೆ. ಒಳಗೋಡೆಗೆ ಅದು ಸರಿ, ಮಳೆ ಬಡಿಯುವ ಮುಂಬಾಗಿಲಿಗೆ ಅಲ್ಲ. ಮಣೆಯ ಒಂದೇ ಬದಿಯನ್ನು ಕೆತ್ತುವುದರಿಂದ ಉಬ್ಬುಕೆತ್ತನೆಗೆ ಒಣಗದ ಮರ ಕಡುವೈರಿ. ಕೆತ್ತಿದ ಬದಿ ಬೇಗ ಒಣಗಿ ಹಲಗೆ ದೋಣಿಯಂತೆ ಬಾಗುತ್ತದೆ. ತೇವಾಂಶ ಶೇಕಡಾ 12ರ ಆಸುಪಾಸಿಗೆ ಇಳಿದ ಮರವನ್ನೇ ಯಂತ್ರಕ್ಕೆ ಹಾಕಬೇಕು. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾಗಿ ಈಗ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರ ಒಣಗಿಸುವ ಬಗ್ಗೆ ದಶಕಗಳಿಂದ ಕೆಲಸ ಮಾಡುತ್ತಿದೆ. ಅಲ್ಲಿನ ತಿಳಿವಳಿಕೆ ಬಾಗಿಲು ಅಂಗಡಿಗಳಿಗೆ ಇನ್ನೂ ಸಾಕಷ್ಟು ತಲುಪಿಲ್ಲ.

ಮೂರು ಅಕ್ಷದ ಯಂತ್ರಕ್ಕೆ ದಕ್ಕದ ಒಂದು ಕೆಲಸವಿದೆ. ಬಿಟ್ ಮೇಲಿನಿಂದ ನೆಟ್ಟಗೆ ಇಳಿಯುತ್ತದೆಯೇ ಹೊರತು ಎಲೆಯ ಅಡಿಗೆ ಓರೆಯಾಗಿ ನುಗ್ಗಲಾರದು. ಗಿಬ್ಬನ್ಸ್‌ನ ದಳಗಳ ಅಡಿಯ ಪೊಳ್ಳು, ಗುಡಿಗಾರರ ಗಂಧದ ಪೆಟ್ಟಿಗೆಗಳಲ್ಲಿ ಬಳ್ಳಿಯ ಹಿಂದೆ ಬಳ್ಳಿ, ಅದರ ಹಿಂದೆ ಹಕ್ಕಿ ಕಾಣುವ ಆಳ, ಇವು ಕೈಯುಳಿಗೆ ಒಲಿಯುವಂಥವು. ಯಂತ್ರದಿಂದ ಇಳಿದ ಹಲಗೆಗೆ ಒಬ್ಬ ಬಲ್ಲ ಕೆತ್ತುಗ ಅರ್ಧ ದಿನ ಕೂತು ಅಂಚುಗಳ ಅಡಿಯನ್ನು ಬಿಡಿಸಿ, ಕಣ್ಣು, ಬೆರಳು, ಆಭರಣದ ಮೂಲೆಗಳನ್ನು ಚೂಪು ಮಾಡಿದರೆ ಅದರ ಕಳೆಯೇ ಬೇರೆ. ಇಂದು ಅಂಗಡಿಗಳಲ್ಲಿ ಕಾಣುವ ಹೆಚ್ಚಿನ ದೇವರ ಮುಖಗಳು ಮೊಂಡಾಗಿರುವುದಕ್ಕೆ ಯಂತ್ರ ಕಾರಣವಲ್ಲ. ಈ ಅರ್ಧ ದಿನದ ಕೂಲಿಯನ್ನು ಯಾರೂ ಕೊಡುತ್ತಿಲ್ಲ, ಯಾರೂ ಕೇಳುತ್ತಿಲ್ಲ.

ಆದ್ದರಿಂದ ಹೊಸ ಮನೆಗೆ ಕೆತ್ತನೆಯ ಬಾಗಿಲು ಮಾಡಿಸುವವರು ಚಿತ್ರದ ಪುಸ್ತಕ ತಿರುವಿಹಾಕಿ ಸುಮ್ಮನಾಗಬಾರದು. ಮರ ಯಾವುದು, ಎಷ್ಟು ದಿನ ಒಣಗಿದೆ, ಕೊನೆಯ ಸುತ್ತಿಗೆ ಯಾವ ಬಿಟ್ ಹಾಕುತ್ತೀರಿ, ಎಷ್ಟು ಅಂತರ ಇಡುತ್ತೀರಿ, ಯಂತ್ರದಿಂದ ಇಳಿದ ಮೇಲೆ ಕೈಯಿಂದ ತೀಡುವವರು ಯಾರು ಎಂದು ಕೇಳಬೇಕು. ತೀಡುವವರ ಕೂಲಿಯನ್ನು ಬೇರೆಯಾಗಿ ಬರೆಸಿ ಕೊಡಬೇಕು. ಐಟಿಐಗಳಲ್ಲಿ ಸಿಎನ್‌ಸಿ ಕಲಿಸುವವರು ವಿದ್ಯಾರ್ಥಿಗಳ ಕೈಗೆ ಒಂದು ವರ್ಷವಾದರೂ ಉಳಿ ಮತ್ತು ಕೊಡತಿ ಕೊಡಬೇಕು. ಸಾಗರ, ಸೊರಬದ ಹಿರಿಯ ಕೆತ್ತುಗರನ್ನು ಆ ತರಗತಿಗೆ ಗುರುಗಳಾಗಿ ಕರೆಯಬೇಕು. ಮರದ ಎಳೆ ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.